ಉಷ್ಣವನ್ನು ಲೆಕ್ಕಕ್ಕೆ ತಂದ ಮೇಷ್ಟ್ರು ಜೋಸೆಫ್ ಬ್ಲ್ಯಾಕ್

ಲೋಹದ ವಿಶಿಷ್ಟೋಷ್ಣ ಕಂಡುಹಿಡಿಯುವ ಪ್ರಯೋಗವನ್ನು ನಮ್ಮ ಶಾಲೆಯಲ್ಲಿ ನಾನು ವರ್ಷ ವರ್ಷವೂ ಮಾಡಿಸಿದ್ದೇನೆ. ಅದಕ್ಕೆ ದಾರಿ ಹಾಕಿಕೊಟ್ಟ ಜೋಸೆಫ್ ಬ್ಲ್ಯಾಕ್ ಅವರ ಹೆಸರು ಮಾತ್ರ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ.

ಅವರು ಹುಟ್ಟಿದ್ದು 1728ರಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ. ತಂದೆ ಮದ್ಯದ ವ್ಯಾಪಾರಿ. ಸ್ಕಾಟ್ಲೆಂಡಿನ ಗ್ಲಾಸ್ಗೋ, ಎಡಿನ್‌ಬರೋಗಳಲ್ಲಿ ವೈದ್ಯಶಾಸ್ತ್ರ ಓದಿ, 1756ರಲ್ಲಿ ಗ್ಲಾಸ್ಗೋದಲ್ಲೇ ಪಾಠ ಹೇಳಲು ನಿಂತರು. ಇಂಗಾಲದ ಡೈಆಕ್ಸೈಡನ್ನು ಬೇರೆಯೇ ಅನಿಲವೆಂದು ಗುರುತಿಸಿದವರೂ ಇವರೇ.

ಒಂದು ವಸ್ತುವಿನಲ್ಲಿ ದ್ರವ್ಯ ಎಷ್ಟು ಹೆಚ್ಚೋ ಅದನ್ನು ಬಿಸಿಮಾಡಲು ಉಷ್ಣವೂ ಅಷ್ಟೇ ಹೆಚ್ಚು ಬೇಕೆಂದು ಆಗ ಬಹಳ ಮಂದಿ ನಂಬಿದ್ದರು. ಗಾತ್ರವೇ ಮುಖ್ಯ ಎಂದವರೂ ಇದ್ದರು. ಫ್ಯಾರನ್‌ಹೀಟ್ ಹಿಂದೆ ಮಾಡಿದ್ದ ಪ್ರಯೋಗವೊಂದನ್ನು ಬ್ಲ್ಯಾಕ್ 1760ರ ಸುಮಾರಿಗೆ ಮತ್ತೆ ಪರಿಶೀಲಿಸಿದರು. ಫ್ಯಾರನ್‌ಹೀಟ್ ಅಳತೆಯಲ್ಲಿ 100 ಡಿಗ್ರಿ ನೀರಿಗೆ ಅಷ್ಟೇ ಗಾತ್ರದ 150 ಡಿಗ್ರಿ ಪಾದರಸ ಬೆರೆಸಿದರೆ ಏನಾಗಬೇಕು? ಗಾತ್ರವೇ ಮುಖ್ಯವಾದರೆ 125. ಪಾದರಸ ನೀರಿಗಿಂತ 13 ಪಟ್ಟಿಗೂ ಹೆಚ್ಚು ತೂಕ. ದ್ರವ್ಯವೇ ಮುಖ್ಯವಾದರೆ 146. ಆದರೆ ಮಿಶ್ರಣ ನಿಂತದ್ದು 120ರಲ್ಲಿ! ಪಾದರಸ 30 ಡಿಗ್ರಿ ಇಳಿದು ನೀರನ್ನು ಏರಿಸಿದ್ದು 20 ಡಿಗ್ರಿ ಮಾತ್ರ. ಒಂದೊಂದು ವಸ್ತುವಿಗೂ ಉಷ್ಣ ಹಿಡಿಯುವ ಶಕ್ತಿ ಅದರದ್ದೇ, ಅದನ್ನು ಪ್ರಯೋಗದಿಂದಲೇ ತಿಳಿಯಬೇಕೆಂದು ಬ್ಲ್ಯಾಕ್ ತೀರ್ಮಾನಿಸಿದರು. ಇಂದಿನ ಲೆಕ್ಕದಲ್ಲಿ ಆ ಮಿಶ್ರಣ 116ರ ಆಸುಪಾಸು ನಿಲ್ಲಬೇಕು. ಅಂಕಿ ತುಸು ಆಚೀಚೆಯಾದರೂ ತರ್ಕ ಗಟ್ಟಿಯಾಗಿತ್ತು.

ನಾವು ಮಾಡಿಸುವುದೂ ಇದನ್ನೇ. ಕುದಿನೀರಿನಲ್ಲಿ ಇಳಿಬಿಟ್ಟ ಕಬ್ಬಿಣದ ಗುಂಡನ್ನು ಕ್ಯಾಲೊರಿಮೀಟರಿನ ತಣ್ಣೀರಿಗೆ ಹಾಕಿ ಕಲಕುತ್ತೇವೆ. ಗುಂಡು ಕಳೆದುಕೊಂಡ ಉಷ್ಣವನ್ನು ನೀರೂ ಪಾತ್ರೆಯೂ ಹಂಚಿಕೊಳ್ಳುತ್ತವೆ. ಹುಡುಗರು ಮರೆಯುವುದು ಆ ಪಾತ್ರೆಯ ಪಾಲನ್ನೇ. ಗುಂಡನ್ನು ಸಾಗಿಸಲು ತಡಮಾಡಿದರೂ, ಅದಕ್ಕೆ ಬಿಸಿನೀರಿನ ಹನಿ ಅಂಟಿಕೊಂಡು ಬಂದರೂ ಉತ್ತರ ಕೆಡುತ್ತದೆ.

ಮಂಜುಗಡ್ಡೆ ಕರಗುವಾಗ ತಾಪ ಏರದೆಯೇ ಉಷ್ಣ ಹೀರಿಕೊಳ್ಳುತ್ತದೆಂದೂ ಬ್ಲ್ಯಾಕ್ ತೋರಿಸಿದರು, ಗುಪ್ತೋಷ್ಣವೆಂದರೆ ಅದೇ. ಅದೇ ವಿಶ್ವವಿದ್ಯಾನಿಲಯದಲ್ಲಿ ಉಪಕರಣ ತಯಾರಿಸುತ್ತಿದ್ದ ಜೇಮ್ಸ್ ವಾಟ್ ಅವರ ಗೆಳೆಯ.

ಇಷ್ಟೆಲ್ಲ ಕಂಡುಕೊಂಡರೂ ಅವರು ಉಷ್ಣದ ಬಗ್ಗೆ ಪುಸ್ತಕ ಅಚ್ಚು ಹಾಕಿಸಲಿಲ್ಲ. ತರಗತಿಯಲ್ಲಿ ಹೇಳಿದರು, ಅಷ್ಟೇ. ಅದು ಅವರ ಕೊರತೆಯೆಂದೇ ನನ್ನ ಅಭಿಪ್ರಾಯ. ಸ್ವೀಡನ್ನಿನ ವಿಲ್ಕೆ ತಮ್ಮದೇ ದಾರಿಯಲ್ಲಿ ಅಲ್ಲಿಗೇ ತಲುಪಿ, ಬರೆದು ಪ್ರಕಟಿಸಿದರು. ಬ್ಲ್ಯಾಕ್ 1799ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನೂ ಪಾಠ ಕೇಳಿದವರು ಬರೆದುಕೊಂಡಿದ್ದ ನೋಟ್ಸನ್ನೂ ಜೋಡಿಸಿ ಶಿಷ್ಯ ಜಾನ್ ರಾಬಿಸನ್ 1803ರಲ್ಲಿ ಎರಡು ಸಂಪುಟಗಳನ್ನು ಹೊರತಂದರು.