ಡಾ॥ ಬಿಧಾನಚಂದ್ರ ರಾಯರು

ರೋಗಿಗೆ ಸಲ್ಲಬೇಕಾದ ಚಿಕಿತ್ಸೆಯ ಮಟ್ಟವನ್ನು ಗೊತ್ತುಮಾಡತಕ್ಕವರು ಯಾರು? ರಾಜ್ಯವಾಳುವವರೇ, ವೈದ್ಯರೇ? ಪರಾಧೀನ ಭಾರತದಲ್ಲಿ ಈ ಪ್ರಶ್ನೆಯು ಬಹು ತೀವ್ರವಾಗಿ ಎದ್ದಿತ್ತು. ಅದಕ್ಕೆ ಕೃತಿಯಿಂದಲೇ ಉತ್ತರವಿತ್ತವರಲ್ಲಿ ಡಾ॥ ಬಿಧಾನಚಂದ್ರ ರಾಯರು ಅಗ್ರಗಣ್ಯರು.

ರಾಯರು 1882ನೆಯ ಜುಲೈ 1ರಂದು ಪಾಟ್ನಾದ ಬಾಂಕಿಪುರದಲ್ಲಿ ಜನಿಸಿದರು. ಕಲಕತ್ತೆಯಲ್ಲಿ ವೈದ್ಯವ್ಯಾಸಂಗವನ್ನು ಮುಗಿಸಿ, 1909ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯವರು ಪ್ರವೇಶವನ್ನು ಮತ್ತೆ ಮತ್ತೆ ನಿರಾಕರಿಸಿದರೂ ಎದೆಗುಂದಲಿಲ್ಲ. 1911ರ ವೇಳೆಗೆ ಎಂ.ಆರ್.ಸಿ.ಪಿ., ಎಫ್.ಆರ್.ಸಿ.ಎಸ್. ಎಂಬ ಎರಡು ಉನ್ನತ ಪದವಿಗಳನ್ನೂ ಪಡೆದು ಸ್ವದೇಶಕ್ಕೆ ಮರಳಿದರು.

ಇಂಥ ವಿದ್ವಾಂಸರಿಗೆ ದೊರೆತುದು ಕ್ಯಾಂಬೆಲ್ ಮೆಡಿಕಲ್ ಸ್ಕೂಲಿನ ಅಧ್ಯಾಪಕವೃತ್ತಿ. ಮೇಲಣ ಪೀಠಗಳು ಬಹುಮಟ್ಟಿಗೆ ಸೈನ್ಯದ ಮೂಲದ ಇಂಡಿಯನ್ ಮೆಡಿಕಲ್ ಸರ್ವಿಸಿನವರ ಪಾಲಾಗಿದ್ದವು. 1919ರಲ್ಲಿ ರಾಯರು ಸರ್ಕಾರಿ ನೌಕರಿಯನ್ನು ತ್ಯಜಿಸಿ, ದೇಶೀಯರ ಉದ್ಯಮದಿಂದ ಬೆಳೆದ ಕಾರ್ಮೈಕೆಲ್ ಕಾಲೇಜನ್ನು ಸೇರಿದರು.

ಆ ಕಾಲದಲ್ಲಿ ನಮ್ಮ ವೈದ್ಯಪದವಿಗಳ ಯೋಗ್ಯತೆಯನ್ನು ತೂಗುತ್ತಿದ್ದುದು ಲಂಡನ್ನಿನ ಜನರಲ್ ಮೆಡಿಕಲ್ ಕೌನ್ಸಿಲು. ಭಾರತದ ಕಾಲೇಜುಗಳಲ್ಲಿ ಪ್ರಸೂತಿಶಿಕ್ಷಣವು ಸಾಲದೆಂದು ಅದು ಆಕ್ಷೇಪಿಸಿತು. ನಮ್ಮ ಸ್ತ್ರೀಯರು ಹೆರಿಗೆಗೆ ಆಸ್ಪತ್ರೆಗೆ ಬರುತ್ತಿದ್ದುದು ಅಪರೂಪವಾದ್ದರಿಂದ ಆಕ್ಷೇಪವು ನಿರಾಧಾರವೇನೂ ಆಗಿರಲಿಲ್ಲ. ಆದರೆ ತಪಾಸಣೆಯ ಅಧಿಕಾರ ಯಾರದೆಂಬ ವಿವಾದವು ಅದರೊಡನೆ ಬೆರೆತು, ವಿದ್ಯೆಯ ಮಾತು ಪ್ರಭುತ್ವದ ಮಾತಾಯಿತು. 1930ರಲ್ಲಿ ಕೌನ್ಸಿಲು ಭಾರತೀಯ ಪದವಿಗಳ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷ ಕಾನೂನುಭಂಗ ಚಳವಳಿಯಲ್ಲಿ ರಾಯರು ಸೆರೆಮನೆಗೆ ಹೋದರು.

ರಾಯರ ಹಿರಿಮೆಯನ್ನು ಇಲ್ಲಿಯೇ ಕಾಣಬೇಕು. ಅನ್ಯರ ದರ್ಪವನ್ನು ವಿರೋಧಿಸುವ ಭರದಲ್ಲಿ ಅವರು ಸ್ವಂತ ಕೊರತೆಯನ್ನು ಮರೆಮಾಡಲಿಲ್ಲ. ದೇಶಬಂಧು ಚಿತ್ತರಂಜನ ದಾಸರು ದೇಶಕ್ಕೆ ಅರ್ಪಿಸಿದ್ದ ಮನೆಯಲ್ಲಿ 1926ರಲ್ಲಿಯೇ ಸ್ತ್ರೀಯರಿಗಾಗಿ ಚಿತ್ತರಂಜನ ಸೇವಾಸದನವೆಂಬ ಆಸ್ಪತ್ರೆಯು ಅವರ ಶ್ರಮದಿಂದ ತೆರೆದಿತ್ತು. ಬರಲು ಹಿಂಜರಿದ ಹೆಂಗಸರು ಕ್ರಮೇಣ ಬಂದರು. ದಾದಿಯರ ಶಿಕ್ಷಣವೂ ನಡೆಯಿತು. 1928ರಲ್ಲಿ ಭಾರತೀಯ ವೈದ್ಯಸಂಘದ ಸ್ಥಾಪನೆಯಲ್ಲಿಯೂ ಅವರು ಪಾತ್ರ ವಹಿಸಿದರು.

1933ರ ಶಾಸನದಿಂದ ಭಾರತಕ್ಕೆ ತನ್ನದೇ ಮೆಡಿಕಲ್ ಕೌನ್ಸಿಲು ದೊರೆಯಿತು. ಆದರೆ ಮೊದಲಲ್ಲಿ ಅದರ ಅಧ್ಯಕ್ಷರನ್ನು ನೇಮಿಸುವ ಅಧಿಕಾರ ಸರ್ಕಾರದ ಕೈಯಲ್ಲಿಯೇ ಉಳಿದಿತ್ತು. ಪದವಿಯಿಲ್ಲದ ಲೈಸೆನ್ಷಿಯೇಟ್ ವೈದ್ಯರಿಗೆ ಶಾಸನದಲ್ಲಿ ಸ್ಥಾನವೇ ಇರಲಿಲ್ಲ. 1939ರಲ್ಲಿ ರಾಯರು ಸರ್ಕಾರಿ ಸೇವೆಗೆ ಸೇರದ ಪ್ರಥಮ ಅಧ್ಯಕ್ಷರಾಗಿ ಆ ಪೀಠವನ್ನೇರಿದರು.

1948ರಲ್ಲಿ ಅವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾದರು. ರಾಜ್ಯಭಾರದ ನಡುವೆಯೂ ಬಡರೋಗಿಗಳನ್ನು ಉಚಿತವಾಗಿ ಪರೀಕ್ಷಿಸುವುದನ್ನು ಬಿಡಲಿಲ್ಲ. 1961ರಲ್ಲಿ ಭಾರತರತ್ನ ಬಿರುದು ಸಂದಿತು. 1962ರಲ್ಲಿ, ಜನ್ಮದಿನವಾದ ಜುಲೈ 1ರಂದೇ, ಕಾಲವಶರಾದರು. ಆ ದಿನವನ್ನು ದೇಶವು 1991ರಿಂದ ವೈದ್ಯರ ದಿನವಾಗಿ ಆಚರಿಸುತ್ತಿದೆ.

ಅವರು ಕುಳಿತಿದ್ದ ಪೀಠದ ಮುಂದಿನ ಕಥೆ ವಿಷಾದಕರ. 2010ರಲ್ಲಿ ಲಂಚದ ಆರೋಪಗಳ ನಡುವೆ ಸರ್ಕಾರವು ಕೌನ್ಸಿಲಿನ ಅಧಿಕಾರವನ್ನು ತಾನೇ ತೆಗೆದುಕೊಂಡಿತು. 2020ರಲ್ಲಿ ಅದರ ಸ್ಥಾನಕ್ಕೆ ಬಹುಪಾಲು ನಾಮಕರಣದಿಂದ ಬಂದ ಸದಸ್ಯರ ರಾಷ್ಟ್ರೀಯ ವೈದ್ಯಕೀಯ ಆಯೋಗವು ಬಂದಿತು. ವೈದ್ಯಸಂಸ್ಥೆಗಳಲ್ಲಿ ಆಳುವವರು ಕೈಹಾಕಬಾರದೆಂಬುದು ದಿಟ. ಆದರೆ ತಮ್ಮ ಮನೆಯನ್ನು ತಾವು ಗುಡಿಸದವರ ಬಾಗಿಲನ್ನು ಅನ್ಯರು ತೆರೆಯದೆ ಬಿಡುವುದಿಲ್ಲ. ಸ್ವಾತಂತ್ರ್ಯವನ್ನು ಕೇಳಿದ ರಾಯರು ಮೊದಲು ಆಸ್ಪತ್ರೆಯನ್ನು ಕಟ್ಟಿದರು. ನಮ್ಮ ವೈದ್ಯರೂ ಅಧಿಕಾರಿಗಳೂ ಆ ಕ್ರಮವನ್ನು ನೆನಪಿನಲ್ಲಿಡುವುದು ಶ್ರೇಯಸ್ಕರ.