ಜೀವಶಕ್ತಿ ನಂಬಿದ ಬರ್ಗ್‌ಸನ್

1859ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಯಹೂದಿ ಮನೆಯೊಂದರಲ್ಲಿ ಆನ್ರಿ ಬರ್ಗ್‌ಸನ್ ಹುಟ್ಟಿದ. ಮರುತಿಂಗಳೇ ಡಾರ್ವಿನ್ನನ ವಿಕಾಸವಾದದ ಪುಸ್ತಕ ಹೊರಬಿತ್ತು. ಯೋಗಾಯೋಗ ನೋಡಿ! ವಿಕಾಸ ನಡೆದದ್ದು ನಿಜ, ಆದ್ರೆ ಅದನ್ನ ಒಳಗಿನಿಂದ ಮುಂದಕ್ಕೆ ತಳ್ಳೋ ಜೀವಶಕ್ತಿಯೊಂದಿದೆ ಅಂತ ಬರ್ಗ್‌ಸನ್ 1907ರಲ್ಲಿ ಪುಸ್ತಕ ಬರೆದ. ಅವನ ಉಪನ್ಯಾಸಕ್ಕೆ ಜನ ಮುಗಿಬಿದ್ದರು. 1927ರ ಸಾಹಿತ್ಯದ ನೊಬೆಲ್ಲೂ ಬಂತು. ವಿಜ್ಞಾನಿಗಳು ಮಾತ್ರ ಒಪ್ಪಲಿಲ್ಲ. ಅಳೆಯೋಕೆ ಸಿಗದ ಶಕ್ತಿಗೆ ಇವತ್ತಿಗೂ ಜೀವಶಾಸ್ತ್ರದಲ್ಲಿ ಜಾಗವಿಲ್ಲ.

ಆದರೆ ಮನುಷ್ಯ ಗಟ್ಟಿ. ಮುಪ್ಪಿನಲ್ಲಿ ಕೀಲುವಾತ ಕಟ್ಟಿಹಾಕಿತ್ತು, ಮನಸ್ಸು ಕ್ಯಾಥೊಲಿಕ್ ಧರ್ಮದತ್ತ ವಾಲಿತ್ತು. ಯಹೂದಿದ್ವೇಷ ಏರುತ್ತಿರೋ ಹೊತ್ತಲ್ಲಿ ನಾನು ನನ್ನವರನ್ನ ಬಿಟ್ಟು ಹೋಗೋದಿಲ್ಲ ಅಂತ 1937ರ ಉಯಿಲಿನಲ್ಲಿ ಬರೆದಿಟ್ಟ. 1941ರ ಜನವರಿ 4ರಂದು, ನಾಜಿಗಳ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲೇ ಕಣ್ಮುಚ್ಚಿದ. ಸಿದ್ಧಾಂತ ಸೋತಿರಬಹುದು ಸ್ವಾಮಿ, ಆಸಾಮಿ ಸೋಲಲಿಲ್ಲ.