ಬಿಚ್ಚಿ ಜೋಡಿಸಿ ಕಲಿತ ವಿದ್ಯೆ: ಜಿ. ಡಿ. ನಾಯ್ಡು ಅವರ ಬಾಳು

ಸತ್ಯಮಂಗಲದಿಂದ ತಾಳವಾಡಿಗೆ ಬರುವ ಬಸ್ಸು ಬಣ್ಣಾರಿ ದಾಟಿ ದಿಂಬಂ ಘಾಟಿ ಏರತೊಡಗಿತೆಂದರೆ ಒಳಗೆ ಕುಳಿತ ಮಕ್ಕಳು ತಿರುವುಗಳನ್ನು ಎಣಿಸಲು ಶುರುಮಾಡುತ್ತಾರೆ. 27 ತಿರುವುಗಳೂ ಮುಗಿಯುವವರೆಗೆ ಎಂಜಿನ್ನು ಏದುಸಿರು ಬಿಡುತ್ತ, ಗುಡುಗುತ್ತ, ಅಷ್ಟು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು ಬೆಟ್ಟ ಹತ್ತುತ್ತದೆ. ತಿರುವು ಎಣಿಸುವವರು ಬಹಳ ಮಂದಿ. ಆ ಗುಡುಗು ಎಲ್ಲಿಂದ ಬರುತ್ತದೆ, ಆ ಕಬ್ಬಿಣದ ಪೆಟ್ಟಿಗೆಯೊಳಗೆ ನಡೆಯುವುದೇನು ಎಂದು ಕೇಳುವವರು ಕಡಿಮೆ. ಹಾಗೆ ಕೇಳಿದ ತರುಣನೊಬ್ಬ ಒಂದು ಶತಮಾನದ ಹಿಂದೆ ನಮ್ಮ ಸೀಮೆಯಲ್ಲೇ ಇದ್ದ. ಅವನು ಕೇಳಿ ಸುಮ್ಮನಾಗಲಿಲ್ಲ. ಎಂಜಿನ್ನನ್ನು ತನ್ನ ಕೈಯಾರೆ ಬಿಚ್ಚಿ ನೋಡಿದ, ಮತ್ತೆ ಜೋಡಿಸಿದ. ಮುಂದೆ ಜನ ಅವರನ್ನು ಭಾರತದ ಎಡಿಸನ್ ಎಂದು ಕರೆದರು. ಅವರೇ ಕೊಯಮತ್ತೂರಿನ ಜಿ. ಡಿ. ನಾಯ್ಡು.

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಅವರು ಹುಟ್ಟಿದ್ದು 1893ನೆಯ ಇಸವಿ ಮಾರ್ಚ್ 23ರಂದು, ಕೊಯಮತ್ತೂರಿಗೆ ಸಮೀಪದ ಕಲಂಗಲ್ ಎಂಬ ಹಳ್ಳಿಯಲ್ಲಿ. ಅವರದು ಬೇಸಾಯದ ಮನೆತನ. 1979ರಲ್ಲಿ ಈರೋಡು ಜಿಲ್ಲೆ ಬೇರೆಯಾಗುವ ತನಕ ನಮ್ಮ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಆದುದರಿಂದ ಅವರನ್ನು ನಮ್ಮ ಜಿಲ್ಲೆಯವರೇ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳಬಹುದು.

ಎಳವೆಯಲ್ಲೇ ಅವರು ತಾಯಿಯನ್ನು ಕಳೆದುಕೊಂಡರು. ಶಾಲೆಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಉಪಾಧ್ಯಾಯರ ಮೇಲೆ ಮಣ್ಣೆರಚಿ ಓಡಿಹೋಗುತ್ತಿದ್ದರೆಂದು ಅವರ ಬಾಲ್ಯದ ಬಗ್ಗೆ ಹೇಳುತ್ತಾರೆ. ಪ್ರಾಥಮಿಕ ತರಗತಿಗಳಿಗೇ ಅವರ ಓದು ಮುಗಿಯಿತು. ಉಪಾಧ್ಯಾಯನಾದ ನಾನು ಈ ಸಂಗತಿಯನ್ನು ಮರೆಮಾಚಿ ಮುಂದೆ ಹೋಗಬಹುದಿತ್ತು. ಆದರೆ ಮುಚ್ಚಿಟ್ಟು ಹೇಳಿದ ಬಾಳಿನಿಂದ ಮಕ್ಕಳಿಗೆ ಪ್ರಯೋಜನವಿಲ್ಲ. ಇಷ್ಟು ದೊಡ್ಡ ಬುದ್ಧಿಯ ಹುಡುಗನನ್ನು ಒಂದು ಶಾಲೆ ಹಿಡಿದಿಡಲಾರದೆ ಹೋಯಿತು ಎಂಬುದು ನಮ್ಮಂಥವರು ತಲೆತಗ್ಗಿಸಿ ಯೋಚಿಸಬೇಕಾದ ಮಾತು. ಶಾಲೆ ಬಿಟ್ಟಮೇಲೆ ಆ ಹುಡುಗ ಮಾಡಿದ್ದೇನು ಎಂಬುದು ಮಕ್ಕಳು ಯೋಚಿಸಬೇಕಾದ ಮಾತು.

ಒಂದು ದಿನ ಊರಿನ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಬ್ರಿಟಿಷ್ ಅಧಿಕಾರಿಯೊಬ್ಬ ಮೋಟಾರ್ ಸೈಕಲ್ ಏರಿ ಬಂದದ್ದನ್ನು ದೊರೈಸ್ವಾಮಿ ಕಂಡರು. ಅದು ರಡ್ಜ್ ಎಂಬ ಇಂಗ್ಲೆಂಡಿನ ಕಂಪನಿಯ 1912ರ ಬಂಡಿ. ಎತ್ತಿಲ್ಲ, ಕುದುರೆಯಿಲ್ಲ, ತುಳಿಯುವ ಕಾಲೂ ಇಲ್ಲ. ಆದರೂ ಬಂಡಿ ಓಡುತ್ತದೆ! ಆ ನೋಟ ಅವರ ಮನಸ್ಸನ್ನು ಹಿಡಿದುಬಿಟ್ಟಿತು. ಅಂಥ ಬಂಡಿ ತನಗೂ ಬೇಕು ಎನ್ನಿಸಿತು, ಕೈಯಲ್ಲಿ ಹಣವಿರಲಿಲ್ಲ. ಕೊಯಮತ್ತೂರಿಗೆ ಹೋಗಿ ಹೋಟೆಲೊಂದರಲ್ಲಿ ಮಾಣಿಯ ಕೆಲಸಕ್ಕೆ ಸೇರಿದರು. ವರ್ಷಗಟ್ಟಲೆ ಎಲೆ ಎತ್ತಿ, ತಿಂಡಿ ಬಡಿಸಿ, ಕಾಸಿಗೆ ಕಾಸು ಕೂಡಿಸಿ ಮೋಟಾರ್ ಸೈಕಲ್ಲನ್ನು ಕೊಂಡರು.

ಬೇರೆ ಯಾರಾದರೂ ಆಗಿದ್ದರೆ ಅದನ್ನೇರಿ ಊರ ತುಂಬ ಮೆರೆಯುತ್ತಿದ್ದರು. ನಾಯ್ಡು ಅವರು ಅದನ್ನು ಪೂರ್ತಿ ಬಿಚ್ಚಿ ಹಾಕಿದರು!

ಎಂಜಿನ್ ಬಿಚ್ಚುವುದೆಂದರೆ ಏನೆಂದು ಮಕ್ಕಳು ತಿಳಿಯಬೇಕು. ಅದರ ಹೃದಯದಂತಿರುವುದು ಸಿಲಿಂಡರು. ಅದರೊಳಗೆ ಪಿಸ್ಟನ್ನು ಒನಕೆಯ ಹಾಗೆ ಮೇಲೂ ಕೆಳಗೂ ಆಡುತ್ತದೆ. ಮೊದಲು ಕೆಳಗಿಳಿದು ಗಾಳಿ ಮತ್ತು ಪೆಟ್ರೋಲಿನ ಆವಿಯನ್ನು ಹೀರುತ್ತದೆ. ಎರಡನೆಯದಾಗಿ ಮೇಲೇರಿ ಅದನ್ನು ಒತ್ತುತ್ತದೆ. ಆಗ ಕಿಡಿ ಹಾರಿ ಆವಿ ಹೊತ್ತಿಕೊಂಡು, ಪಿಸ್ಟನ್ನನ್ನು ಬಲವಾಗಿ ಕೆಳಕ್ಕೆ ನೂಕುತ್ತದೆ. ಚಕ್ರ ತಿರುಗುವುದು ಈ ಮೂರನೆಯ ನೂಕಿನ ಬಲದಿಂದಲೇ. ನಾಲ್ಕನೆಯದಾಗಿ ಪಿಸ್ಟನ್ನು ಮತ್ತೆ ಮೇಲೆ ಬಂದು ಹೊಗೆಯನ್ನು ಹೊರದೂಡುತ್ತದೆ. ಇವು ಒಂದರ ಹಿಂದೊಂದು ತಪ್ಪದೆ ನಡೆಯಬೇಕು. ಪಿಸ್ಟನ್ನಿನ ಸುತ್ತ ಇರುವ ರಿಂಗುಗಳು ಸವೆದರೆ ಒತ್ತಡ ಸೋರಿಹೋಗುತ್ತದೆ. ವಾಲ್ವುಗಳು ತಮ್ಮ ಪೀಠದಲ್ಲಿ ಸರಿಯಾಗಿ ಕೂರದಿದ್ದರೆ ಎಂಜಿನ್ನಿನ ಶಕ್ತಿ ಕುಂದುತ್ತದೆ. ಕಿಡಿ ಒಂದು ಕ್ಷಣ ಹಿಂದೆ ಮುಂದೆ ಆದರೂ ಓಟ ಕೆಡುತ್ತದೆ.

ಆದುದರಿಂದ ಎಂಜಿನ್ನನ್ನು ಮನೆಯಲ್ಲಿ ಬಿಚ್ಚಲು ಕೂತವನಿಗೆ ಸ್ಪ್ಯಾನರಿಗಿಂತ ಮೊದಲು ಬೇಕಾದದ್ದು ಜ್ಞಾಪಕ ಮತ್ತು ತಾಳ್ಮೆ. ಯಾವ ನಟ್ಟು ಯಾವ ಬೋಲ್ಟಿನದು, ಯಾವ ಭಾಗದ ಮುಖ ಯಾವ ಕಡೆಗಿತ್ತು ಎಂದು ಬಿಚ್ಚುವಾಗಲೇ ಗುರುತಿಟ್ಟುಕೊಳ್ಳಬೇಕು. ಬಿಚ್ಚಿದ್ದನ್ನೆಲ್ಲ ಸಾಲಾಗಿ ಜೋಡಿಸಿಟ್ಟು, ಸೀಮೆಎಣ್ಣೆಯಲ್ಲಿ ತೊಳೆದು, ಅಂಟಿದ ಮಸಿಯನ್ನು ಕೆರೆದು, ಸವೆದದ್ದು ಯಾವುದು, ಉಳಿದದ್ದು ಯಾವುದು ಎಂದು ಪರೀಕ್ಷಿಸಬೇಕು. ಕೊನೆಗೆ, ಕಡೆಯಲ್ಲಿ ಬಿಚ್ಚಿದ್ದನ್ನು ಮೊದಲು ಸೇರಿಸುತ್ತ ಹಿಂದಕ್ಕೆ ಬರಬೇಕು. ಒಂದು ಸಣ್ಣ ತಿರುಪು ಉಳಿದರೂ ಎಂಜಿನ್ನು ಅದನ್ನು ಕ್ಷಮಿಸುವುದಿಲ್ಲ. ಬಿಚ್ಚುವುದಕ್ಕೆ ಕುತೂಹಲ ಸಾಕು. ಜೋಡಿಸುವುದಕ್ಕೆ ಶಿಸ್ತು ಬೇಕು. ಶಾಲೆಯಲ್ಲಿ ಕಲಿಯದೆ ಹೋದ ಶಿಸ್ತನ್ನು ನಾಯ್ಡು ಅವರಿಗೆ ಕಲಿಸಿದ್ದು ಈ ಕಬ್ಬಿಣದ ಗುರು. ಬಂಡಿ ಮತ್ತೆ ಕೂಡಿಕೊಂಡಾಗ ಅವರು ಮೆಕ್ಯಾನಿಕ್ ಆಗಿದ್ದರು.

ಒಂದು ಎಂಜಿನ್ ಅರ್ಥವಾದರೆ ಉಳಿದವು ಅರ್ಥವಾಗಲು ಬಹಳ ಹೊತ್ತು ಬೇಡ. ಜರ್ಮನಿಯ ಡೈಮ್ಲರ್ ಮತ್ತು ಅವರ ಸಹೋದ್ಯೋಗಿ ಮೇಬ್ಯಾಕ್ ಮನೆಯ ತೋಟದ ಗಾಜಿನ ಕೋಣೆಯಲ್ಲಿ ಕೆಲಸ ಮಾಡಿ ತಮ್ಮ ಪುಟ್ಟ ಎಂಜಿನ್ನನ್ನು 1885ರಲ್ಲಿ ಎರಡು ಚಕ್ರದ ಬಂಡಿಗೆ ಕೂರಿಸಿದ್ದರು. ಮರುವರ್ಷವೇ ಅಂಥದೇ ಎಂಜಿನ್ನನ್ನು ದೋಣಿಯ ಒಡಲಿನೊಳಗಿಟ್ಟು ನೆಕ್ಕರ್ ನದಿಯಲ್ಲಿ ಓಡಿಸಿದರು. ನೆಲದಲ್ಲಿ ಚಕ್ರವನ್ನು ತಿರುಗಿಸುವುದೂ ನೀರಿನಲ್ಲಿ ದೋಣಿಯನ್ನು ನೂಕುವುದೂ ಒಂದೇ ತತ್ತ್ವ. ನಮ್ಮ ಹೊಲಗಳ ಬಾವಿಯ ಮೇಲಿರುವ ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ, ಒತ್ತಿದ ಗಾಳಿಯ ಶಾಖಕ್ಕೇ ಎಣ್ಣೆ ಉರಿಯುತ್ತದೆ. ಹೀರುವುದು, ಒತ್ತುವುದು, ಉರಿಯುವುದು, ಹೊರದೂಡುವುದು ಮಾತ್ರ ಅದೇ.

ಇನ್ನು ಮುಂದಿನ ದಾರಿ ಹೂವಿನ ಹಾಸಿಗೆಯಾಗಿತ್ತೆಂದು ತಿಳಿಯಬಾರದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹತ್ತಿಯ ವ್ಯಾಪಾರಕ್ಕಿಳಿದು ಹಣ ಗಳಿಸಿದರು. ಬೊಂಬಾಯಿಗೆ ಹೋಗಿ ಗಳಿಸಿದ್ದನ್ನು ಕಳೆದುಕೊಂಡು ಬರಿಗೈಯಲ್ಲಿ ಮರಳಿದರು. ಆದರೆ ಕೈಗೆ ಬಂದ ವಿದ್ಯೆಯನ್ನು ಯಾವ ದಲ್ಲಾಳಿಯೂ ಕಸಿಯಲಾರ. ಕೊಯಮತ್ತೂರಿನ ಉದ್ಯಮಿ ರಾಬರ್ಟ್ ಸ್ಟೇನ್ಸ್ ಅವರ ನೆರವಿನಿಂದ 1920ರಲ್ಲಿ ಒಂದು ಬಸ್ಸು ಕೊಂಡು, ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸಿದರು. ಚಾಲಕನೂ ಅವರೇ, ಕೆಟ್ಟರೆ ರಿಪೇರಿಯವನೂ ಅವರೇ. ಆ ಒಂದು ಬಸ್ಸು ಕೆಲವೇ ವರ್ಷಗಳಲ್ಲಿ ಯೂನಿವರ್ಸಲ್ ಮೋಟಾರ್ ಸರ್ವಿಸ್ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ದೇಶದಲ್ಲೇ ಅತ್ಯಂತ ದಕ್ಷ ಬಸ್ ಸಂಸ್ಥೆಗಳಲ್ಲಿ ಒಂದೆಂದು ಹೆಸರಾಯಿತು.

ನೀಲಗಿರಿಯ ಪೈಕಾರಾದಲ್ಲಿ 1932ರಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಕೊಯಮತ್ತೂರಿನ ಕಡೆಗೆ ವಿದ್ಯುತ್ತೇನೋ ಬಂತು, ಅದನ್ನು ದುಡಿಸುವ ಮೋಟಾರುಗಳು ಮಾತ್ರ ಹಡಗಿನಲ್ಲಿ ಹೊರದೇಶದಿಂದ ಬರಬೇಕಾಗಿತ್ತು. ನಾಯ್ಡು ಅವರು ಡಿ. ಬಾಲಸುಂದರಂ ನಾಯ್ಡು ಎಂಬವರ ಜೊತೆಗೂಡಿ 1937ರಲ್ಲಿ ಪೀಳಮೇಡಿನ ತಮ್ಮ ನ್ಯಾಷನಲ್ ಎಲೆಕ್ಟ್ರಿಕ್ ವರ್ಕ್ಸ್ ಕಾರ್ಖಾನೆಯಲ್ಲಿ ವಿದ್ಯುತ್ ಮೋಟಾರನ್ನು ತಯಾರಿಸಿದರು. ಭಾರತದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರು ಅದೆಂದು ಪ್ರಸಿದ್ಧವಾಗಿದೆ. ಇಂದು ಕೊಯಮತ್ತೂರು ಪಂಪುಗಳಿಗೂ ಮೋಟಾರುಗಳಿಗೂ ಹೆಸರಾದ ಊರು. ಕೊಳವೆಬಾವಿಗೆ ಮೋಟಾರು ಇಳಿಸುವಾಗ ನಮ್ಮ ರೈತರು ಆ ಹೆಸರಿನ ಹಿಂದಿರುವ ಹಳೆಯ ಶ್ರಮವನ್ನು ಒಮ್ಮೆ ನೆನೆಯಬೇಕು.

ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬ್ಯಾಟರಿಯಿಂದ ನಡೆಯುವ ಕ್ಷೌರದ ಯಂತ್ರ, ಬಲು ತೆಳುವಾದ ಬ್ಲೇಡು, ಹಣ್ಣಿನ ರಸ ತೆಗೆಯುವ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಫ್ಯಾನು, ಮೋಸಕ್ಕೆ ಎಡೆಯಿಲ್ಲದಂತೆ ಮತ ದಾಖಲಿಸುವ ಯಂತ್ರ ಹೀಗೆ ಪಟ್ಟಿ ಬೆಳೆಯುತ್ತದೆ. ಬೇಸಾಯದ ಮನೆಯಲ್ಲಿ ಹುಟ್ಟಿದವರಾದ್ದರಿಂದ ಹತ್ತಿ, ಪರಂಗಿ ಮೊದಲಾದ ಬೆಳೆಗಳ ಮೇಲೂ ಪ್ರಯೋಗ ನಡೆಸಿದರು. ಎಲ್ಲವೂ ಕೈಗೂಡಲಿಲ್ಲ. 1952ರಲ್ಲಿ ಇಬ್ಬರು ಕೂರುವ ಪೆಟ್ರೋಲ್ ಕಾರನ್ನು ಎರಡು ಸಾವಿರ ರೂಪಾಯಿಗೆ ಸಿಗುವಂತೆ ರೂಪಿಸಿದರು. ಸರ್ಕಾರದ ಪರವಾನಗಿ ದೊರೆಯದೆ ಆ ಕೆಲಸ ಅಲ್ಲಿಗೇ ನಿಂತಿತು. ಸೋಲಿನ ಈ ಸಂಗತಿಯನ್ನೂ ಮಕ್ಕಳು ತಿಳಿದಿರಬೇಕು. ಎಂಜಿನ್ನನ್ನು ಮತ್ತೆ ಕೂಡಿಸಬಲ್ಲವನಿಗೂ ಬಾಳಿನಲ್ಲಿ ಎಲ್ಲವನ್ನೂ ಕೂಡಿಸಲಾಗುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರೋಣ. ಶಾಲೆಯಿಂದ ಓಡಿಹೋದ ಈ ಮನುಷ್ಯ ಹಣ ಬಂದಮೇಲೆ ಮಾಡಿದ್ದೇನು? ವಿದ್ಯಾಸಂಸ್ಥೆ ಕಟ್ಟಿದರು! ಸಂಶೋಧನೆ ಮಾಡುವವರಿಗೆ ವಿದ್ಯಾರ್ಥಿವೇತನ, ತಮ್ಮ ಕೆಲಸಗಾರರಿಗೂ ಹಿಂದುಳಿದವರಿಗೂ ನೆರವು ಏರ್ಪಡಿಸಿದರು. ಅವರ ಪ್ರಯತ್ನದಿಂದಲೂ ದಾನದಿಂದಲೂ 1945ರಲ್ಲಿ ಕೊಯಮತ್ತೂರಿನಲ್ಲಿ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಮದ್ರಾಸಿನ ಆಗಿನ ಗವರ್ನರ್ ಆರ್ಥರ್ ಹೋಪ್ ಅವರ ಹೆಸರನ್ನು ಅವಕ್ಕೆ ಇಡಲಾಯಿತು. ಇಂದಿನ ಕೊಯಮತ್ತೂರು ಸರ್ಕಾರಿ ತಾಂತ್ರಿಕ ಕಾಲೇಜಿನ ಮೂಲ ಅದೇ. ಎಂಜಿನಿಯರಿಂಗ್ ಪದವಿ ಇಲ್ಲದ ನಾಯ್ಡು ಅವರೇ ಆ ಕಾಲೇಜಿನ ಪ್ರಿನ್ಸಿಪಾಲರಾದರು. ನಾಲ್ಕು ವರ್ಷದ ಓದು ಅನಗತ್ಯವಾಗಿ ದೀರ್ಘವಾದದ್ದು, ಕೈಕೆಲಸದೊಂದಿಗೆ ಕಲಿಸಿದರೆ ಎರಡು ವರ್ಷ ಸಾಕು ಎಂಬುದು ಅವರ ವಾದ. ಸರ್ಕಾರ ಅದನ್ನು ಒಪ್ಪಲಿಲ್ಲ. ಅವರು ಹುದ್ದೆಯನ್ನು ಬಿಟ್ಟರು. ಅವರ ಲೆಕ್ಕ ಸರಿಯೋ ತಪ್ಪೋ, ಅದನ್ನು ಬಲ್ಲವರು ಚರ್ಚಿಸಲಿ. ಅವರಿಗೆ ಬೇಡವಾಗಿದ್ದದ್ದು ವಿದ್ಯೆಯಲ್ಲ, ಕೈಗೆ ಬಾರದ ಬರಿಯ ಬಾಯಿಪಾಠ ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

1974ನೆಯ ಇಸವಿ ಜನವರಿ 4ರಂದು ನಾಯ್ಡು ಅವರು ತೀರಿಕೊಂಡರು. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಅವರ ಹೆಸರಿನ ವಸ್ತುಪ್ರದರ್ಶನವಿದೆ. ಅದೇ ರಸ್ತೆಯ ಮೇಲೆ ಕಟ್ಟಿದ 10 ಕಿಲೋಮೀಟರಿಗೂ ಉದ್ದವಾದ ಮೇಲ್ಸೇತುವೆಗೆ 2025ರಲ್ಲಿ ಅವರ ಹೆಸರನ್ನಿಟ್ಟಿದ್ದಾರೆ.

ವಿದ್ಯಾರ್ಥಿಗಳೇ, ನಾಯ್ಡು ಅವರು ಶಾಲೆ ಬಿಟ್ಟರೆಂದು ನೀವೂ ಬಿಡಲು ನೆವ ಹುಡುಕಬೇಡಿ. ಅವರಂತೆ ಬಿಡುವುದು ಸುಲಭ; ಅವರಂತೆ ವರ್ಷಗಟ್ಟಲೆ ಎಲೆ ಎತ್ತಿ ದುಡಿದು, ಆ ದುಡಿಮೆಯನ್ನು ಕಲಿಯುವುದಕ್ಕೇ ಸುರಿಯುವುದು ಕಷ್ಟ. ಅವರಿಗೆ ಸಿಗದೆ ಹೋದ ಪ್ರಯೋಗಶಾಲೆ, ಪುಸ್ತಕ, ಪಾಠ ನಿಮಗೆ ಸಿಕ್ಕಿವೆ. ಪುಸ್ತಕದಲ್ಲಿ ಓದಿದ ಎಂಜಿನ್ನನ್ನು ಬಾವಿಯ ಬಳಿ ಹೋಗಿ ನೋಡಿ. ಬಾವಿಯ ಬಳಿ ಕಂಡ ಎಂಜಿನ್ನನ್ನು ಪುಸ್ತಕದಲ್ಲಿ ಹುಡುಕಿ.

ತಾಯ್ತಂದೆಯರಲ್ಲಿಯೂ ಒಂದು ವಿನಂತಿ. ಮನೆಯ ಹಳೆಯ ಸೈಕಲ್ಲನ್ನೋ ಕೆಟ್ಟ ರೇಡಿಯೋವನ್ನೋ ಮಗುವೊಂದು ಬಿಚ್ಚಿ ಹರಡಿಕೊಂಡು ಕೂತಿದ್ದರೆ ಕೂಡಲೇ ಗದರಿಸಬೇಡಿ. ಅದು ಮಗಳಾಗಿದ್ದರೂ ಅಷ್ಟೆ. ವಿದ್ಯುತ್ತಿನ ತಂತಿಯಿಂದಲೂ ಬೆಂಕಿಯಿಂದಲೂ ದೂರ ಕೂರಿಸಿ, ಒಂದು ಹಳೆಯ ಬಟ್ಟೆ ಕೊಟ್ಟು ಭಾಗಗಳನ್ನು ಅದರ ಮೇಲೆ ಸಾಲಾಗಿಡಲು ಹೇಳಿ. ಮತ್ತೆ ಜೋಡಿಸಿಯೇ ಏಳಬೇಕು ಎಂಬ ಒಂದು ಕಟ್ಟಳೆ ಮಾತ್ರ ಹಾಕಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೊಲದ ಕೆಸರನ್ನು ನೋಡಿ ಹೇಳಿದರು. ಗ್ರೀಸಿನ ಮಸಿಗೂ ಆ ಗಾದೆ ಸಲ್ಲುತ್ತದೆ ಎಂಬುದಕ್ಕೆ ಜಿ. ಡಿ. ನಾಯ್ಡು ಅವರ ಬಾಳೇ ಸಾಕ್ಷಿ.